ಬಾಯಿಗೆ ಅಯ್ಯ, ಸೂಜಿಗೆ ಹುಚ್ಚವ್ವ

ಹುನಗುಂದ ತಾಲೂಕಿನ ಆ ಹನ್ನೆರಡು ಹಾಸಿಗೆಯ ದವಾಖಾನೆಯಲ್ಲಿ ಸರಕಾರದ ಕಾಯಿದೆಗಿಂತ ಗಟ್ಟಿಯಾದ ಕಾಯಿದೆಯೊಂದಿತ್ತು. ಅದನ್ನು ಯಾರೂ ಬರೆದು ಗೋಡೆಗೆ ಹಚ್ಚಿರಲಿಲ್ಲ. ಆದರೆ ಹೊಸದಾಗಿ ಬಂದು ಮಲಗಿದವರಿಗೆ ಹಳೆಯ ರೋಗಿಗಳು ಮೊದಲು ಹೇಳಿಕೊಡುತ್ತಿದ್ದದ್ದು ಅದನ್ನೇ: "ಬಾಯಿಗೆ ಅಯ್ಯ, ಸೂಜಿಗೆ ಹುಚ್ಚವ್ವ."

ಹುಚ್ಚವ್ವ ಅಲ್ಲಿನ ನರ್ಸಬಾಯಿ. ಮರೋಳದ ಮಾದರ ಕೇರಿಯವಳು. ಹುಬ್ಬಳ್ಳಿಯಲ್ಲಿ ಮೂರು ವರ್ಷ ಕಲಿತು, ಬಿಳಿ ಸೀರೆ ಉಟ್ಟು, ಎಪ್ಪತ್ಮೂರನೆಯ ಇಸವಿಯಲ್ಲಿ ಇಲ್ಲಿಗೆ ಬಂದಳು. ಬಂದ ಮೊದಲ ದಿನ ಕೆಮ್ಮಿನ ಔಷಧದ ಗ್ಲಾಸು ಹಿಡಿದು ಒಬ್ಬ ಮುದುಕಿಯ ಮುಂದೆ ನಿಂತಾಗ, "ಯಾರ ಪೈಕಿ ಬೇ ನೀ?" ಎಂಬ ಪ್ರಶ್ನೆ ಬಂತು. ಹುಚ್ಚವ್ವ ಮುಚ್ಚಿಡಲಿಲ್ಲ, ಹೇಳಿದಳು. ಮುದುಕಿ ತುಟಿ ಬಿಗಿದುಕೊಂಡು ಗೋಡೆಯ ಕಡೆಗೆ ಹೊರಳಿದಳು.

ಅಂದು ಸಂಜೆಯೊಳಗೆ ಡಾಕ್ಟರ ಸಾಹೇಬರು ದಾರಿ ಹುಡುಕಿದರು. ವಾರ್ಡಿನ ಜವಾನ ರಾಚಯ್ಯ ಜಂಗಮರವನು, ಎಲ್ಲರ ಬಾಯಲ್ಲಿ 'ಅಯ್ಯ'. ಹಣೆತುಂಬ ವಿಭೂತಿ. ನೀರು, ಗುಳಿಗೆ, ಔಷಧ, ಬಾಯಿಗೆ ಹೋಗುವುದೆಲ್ಲ ಅವನ ಕೈಯಿಂದ. ಚುಚ್ಚುವುದು, ಹುಣ್ಣು ತೊಳೆಯುವುದು, ಪಟ್ಟಿ ಕಟ್ಟುವುದು ಹುಚ್ಚವ್ವನ ಕೈಯಿಂದ.

"ಸೂಜಿಗೆ ಮೈಲಿಗಿ ಇಲ್ಲೇನ್ರಿ ಸಾಹೇಬ್ರ?" ಎಂದು ಹುಚ್ಚವ್ವ ಕೇಳಿದಳು.

"ಕಬ್ಬಿಣಕ್ಕ ಎಲ್ಲೀ ಮೈಲಿಗಿ? ಮ್ಯಾಲ ಕುದಿಯೋ ನೀರಾಗ ಬೆಂದಿರತೈತಿ. ನೀ ತಲಿ ಕೆಡಿಸ್ಕೋಬ್ಯಾಡ. ರಿಜಿಸ್ಟರಿನಾಗ ಸಹಿ ಅಷ್ಟ ಮಾಡು."

ಮುಳ್ಳು ಇದ್ದದ್ದೇ ಆ ಸಹಿಯಲ್ಲಿ. ಕಾಗದದ ಮೇಲೆ ಔಷಧ ಕೊಡುವ ಹಕ್ಕು ನರ್ಸಿನದು, ಜವಾನನದಲ್ಲ. ಆದ್ದರಿಂದ ಕೊಡುವವನು ರಾಚಯ್ಯ, ಸಹಿ ಹುಚ್ಚವ್ವನದು. ಹೆಸರು, ಔಷಧ, ಅಳತೆ, ಹೊತ್ತು, ಮಾರ್ಗ, ಸಹಿ ಎಂದು ರಿಜಿಸ್ಟರಿನಲ್ಲಿ ಆರು ಮನೆ. ಮಾರ್ಗದ ಮನೆಯಲ್ಲಿ 'ಬಾಯಿ' ಎಂದು ಬರೆಯುವಾಗಲೆಲ್ಲ ಅವಳಿಗೆ ಹುಬ್ಬಳ್ಳಿಯ ಪಾಠ ನೆನಪಾಗುತ್ತಿತ್ತು. ಬಾಟಲಿ ಎತ್ತುವಾಗ ಚೀಟಿ ಓದು, ಸುರಿಯುವಾಗ ಓದು, ಮರಳಿ ಇಡುವಾಗ ಓದು. ಸುರಿದ ಕೈಯೇ ಕುಡಿಸಬೇಕು, ಕುಡಿಸಿದ ಕೈಯೇ ಸಹಿ ಮಾಡಬೇಕು. ಇಲ್ಲಿ ಕೈ ಒಬ್ಬರದು, ಹಣೆಬರಹ ಇನ್ನೊಬ್ಬರದು.

ರಾಚಯ್ಯ ಬಂದರೆ ರೋಗಿಗಳು ಎದ್ದು ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅವನ ಕೈಯ ಔಷಧವನ್ನು ಕಣ್ಣಿಗೊತ್ತಿಕೊಂಡು ಕುಡಿದು, ಪ್ರಸಾದದ ತಾಟು ತೊಳೆದು ಕುಡಿಯುವಂತೆ ಗ್ಲಾಸು ತೊಳೆದ ನೀರನ್ನೂ ಕುಡಿಯುತ್ತಿದ್ದರು. ಕೃಷ್ಣೆ ಮಲಪ್ರಭೆ ಕೂಡುವ ಸಂಗಮ ಅಲ್ಲಿಗೆ ದೂರವೇನಲ್ಲ. ಎಂಟುನೂರು ವರ್ಷದ ಹಿಂದೆ ಶರಣರು ಜಾತಿಯನ್ನು ಹೊಳೆಗೆ ಬಿಟ್ಟರೆಂದು ಪ್ರತಿ ಶ್ರಾವಣದಲ್ಲಿ ಪ್ರವಚನವಾಗುತ್ತಿತ್ತು. ಹೊಳೆಗೆ ಬಿಟ್ಟದ್ದು ಈಜಿ ಬಂದು ದಡ ಹತ್ತಿತ್ತು, ಅಷ್ಟೆ.

ರಾಚಯ್ಯನಿಗೆ ಕನ್ನಡ ಓದಲು ಬರುತ್ತಿತ್ತು. ಆದರೆ ಬಾಟಲಿಯ ಚೀಟಿಗಳು ಇಂಗ್ಲಿಷಿನವು.

"ನನಗ ಚೀಟಿ ಯಾಕ? ಬಣ್ಣ ನೋಡಿ ಕೊಡ್ತೇನಿ. ಕೆಂಪು ಕೆಮ್ಮಿಗೆ, ಬಿಳೇದು ಹೊಟ್ಟಿಗೆ."

"ಅಯ್ಯಾರ, ಬಿಳೇವು ಎರಡ ಅದಾವ. ಒಂದು ಕುಡಿಯೂದು, ಇನ್ನೊಂದು ಮೊಣಕಾಲಿಗೆ ತಿಕ್ಕೂದು."

ತಿಕ್ಕುವುದರಲ್ಲಿ ಟರ್ಪೆಂಟೈನ್ ಎಣ್ಣೆ, ಕರ್ಪೂರ. ನೋಡಲು ಮಾತ್ರ ಹಾಲಿನಂಥದು. ಹುಚ್ಚವ್ವ ಅದರ ಕೊರಳಿಗೆ ಕೆಂಪು ದಾರ ಕಟ್ಟಿ ಬೇರೆ ಕಪಾಟಿನಲ್ಲಿ ಇಟ್ಟಳು. ರಾಚಯ್ಯ ಕಿಸಕ್ಕನೆ ನಕ್ಕ.

"ಬಾಟ್ಲಿಗೂ ತಾಳಿ ಕಟ್ಟಿದೆಲ್ಲ ಬಾಯಿ! ನಿನಗಂತೂ ಯಾರೂ ಕಟ್ಟಲಿಲ್ಲ."

"ತಾಳಿ ಇದ್ದಾಕಿನ್ನ ಮುಟ್ಟಬಾರದ್ರಿ ಅಯ್ಯಾರ. ಅದಕ್ಕ ಕಟ್ಟೇನಿ," ಎಂದಳು ಹುಚ್ಚವ್ವ. ಕಸ ಹೊಡೆಯುತ್ತಿದ್ದ ಆಯಾ ಕಾಸಿಂಬಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆರು ವರ್ಷ ಹೀಗೇ ನಡೆಯಿತು. ಎಪ್ಪತ್ತೊಂಬತ್ತರ ಕಾರ್ತೀಕದಲ್ಲಿ ಹೊಟ್ಟೆಯುರಿ ಎಂದು ಶಿವಬಸವ್ವ ಬಂದು ನಾಲ್ಕನೆಯ ಹಾಸಿಗೆ ಹಿಡಿದಳು. ಇಳಕಲ್ಲಿನ ಸೀರೆ ವ್ಯಾಪಾರಿ ಗುರಲಿಂಗಪ್ಪನ ತಾಯಿ. ವಾರದಲ್ಲಿ ಗುಣವಾಯಿತು. ನಾಳೆ ಮನೆಗೆ ಹೋಗುವವಳು.

ಅಂದು ಬೆಳಗ್ಗೆ ಹುಚ್ಚವ್ವ ವಾರ್ಡಿನ ಆ ತುದಿಯಲ್ಲಿ ಒಬ್ಬಳಿಗೆ ಸೂಜಿ ಹಾಕುತ್ತಿದ್ದಳು. ಕಾಸಿಂಬಿ ಕಸಬರಿಗೆ ಹಿಡಿದು ನಿಂತು ಮೂಗು ಅರಳಿಸಿದಳು.

"ಬಾಯಾರ, ಯಾರರೆ ಪೂಜಿ ಮಾಡಾಕತ್ತಾರೇನು? ಕರ್ಪೂರದ ವಾಸನಿ ಬಂತು."

ಹುಚ್ಚವ್ವನಿಗೆ ದಾರ ಕಟ್ಟಿದ ಬಾಟಲಿ ನೆನಪಾಯಿತು. ಸೂಜಿ ತೆಗೆದವಳೇ ಓಡಿದಳು. ಶಿವಬಸವ್ವ ಗ್ಲಾಸು ತೊಳೆದ ನೀರಿನ ಕೊನೆಯ ಗುಟುಕು ನುಂಗುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ತುಟಿ ಕೆಂಪಾಗಿತ್ತು. ಪಕ್ಕದಲ್ಲಿ ರಾಚಯ್ಯ, ಅವನ ಕೈಯಲ್ಲಿ ಬಿಳಿ ಬಾಟಲಿ. ಕೊರಳಲ್ಲಿ ದಾರವಿರಲಿಲ್ಲ. ಹುಚ್ಚವ್ವ ಕಸಿದುಕೊಂಡು ಚೀಟಿ ಓದಿದಳು.

"ಇದು ಕಪಾಟಿನಿಂದ ಹೊರಗ ಹ್ಯಾಂಗ ಬಂತ್ರಿ?"

"ನಿನ್ನಿ ಸಂಜೀಗೆ ನನ್ನ ಮೊಣಕಾಲಿಗೆ ತಿಕ್ಕೊಂಡಿದ್ದೆ..." ರಾಚಯ್ಯನ ನಾಲಗೆ ತೊದಲಿತು. "ದಾರ ಮುಚ್ಚಳಕ್ಕ ತೊಡರತಿತ್ತು, ಕಿತ್ತೊಗದೆ. ತಿರುಗಿ ಇಡೂವಾಗ ಈ ಕಡೆ ಇಟ್ನೋ ಏನೋ."

"ಯವ್ವಾ, ಬಾಯಿ ಸುಡಲಿಲ್ಲೇನು? ಯಾಕ ಉಗುಳಲಿಲ್ಲ?"

"ಸುಟ್ಟಿತವಾ," ಎಂದಳು ಶಿವಬಸವ್ವ. "ಅಯ್ಯಾರ ಕೈಲಿಂದು ಉಗುಳತಾರೇನ? ಕರ್ಪೂರ ಘಮ್ ಅಂತು. ಇವತ್ತಿಂದು ಖರೇ ತೀರ್ಥ ಅಂತ ತಿಳಕೊಂಡೆ."

ರಾಚಯ್ಯ ಉಪ್ಪುನೀರು ತರಲು ಹೊರಟ. ಹುಚ್ಚವ್ವ ಅಡ್ಡ ನಿಂತಳು. "ವಾಂತಿ ಮಾಡಿಸಬ್ಯಾಡ್ರಿ! ಆ ಎಣ್ಣಿ ಮ್ಯಾಲ ಬಂದರ ಉಸಿರಿನ ದಾರಿಗೆ ಇಳೀತೈತಿ. ಸಾಹೇಬ್ರನ್ನ ಕರೀರಿ, ಓಡ್ರಿ!"

ಸಾಹೇಬರು ಮನೆಯಲ್ಲಿ ಪೂಜೆಗೆ ಕೂತಿದ್ದರು. ಅವರು ಏಳುವಷ್ಟರಲ್ಲಿ ಮುದುಕಿಯ ಕೈಕಾಲು ಅದುರತೊಡಗಿದವು. ಬಾಯಾರಿ ನೀರು ಕೇಳಿದಳು. ಹುಚ್ಚವ್ವ ಚಮಚೆಯಲ್ಲಿ ಒಂದು ತೊಟ್ಟು ನೀರು ತುಟಿಯ ಹತ್ತಿರ ಹಿಡಿದಳು. ಶಿವಬಸವ್ವ ಅಷ್ಟು ಉರಿಯಲ್ಲೂ ಮುಖ ತಿರುವಿದಳು.

"ತಪ್ಪು ತಿಳೀಬ್ಯಾಡವಾ... ಅಯ್ಯಾರು ಬರ್ಲಿ. ಅವರ ಕೈಲೆ ಕೊಡಸು."

ಆಮೇಲೆ ಸೆಳವು ಬಂತು. ಹುಚ್ಚವ್ವ ಅವಳನ್ನು ಮಗ್ಗುಲಿಗೆ ಹೊರಳಿಸಿ, ಸೆಳವಿನ ಸೂಜಿ ಹಾಕಿ, ತಲೆಯನ್ನು ತನ್ನ ತೊಡೆಯ ಮೇಲೆ ಹಿಡಿದು ಕೂತಳು. ಆಗ ಬೇಡವೆನ್ನಲು ಶಿವಬಸವ್ವನಿಗೆ ಎಚ್ಚರವಿರಲಿಲ್ಲ. ಡಾಕ್ಟರರು ಬಂದು ಮಾಡಬೇಕಾದ್ದನ್ನೆಲ್ಲ ಮಾಡಿದರು. ಹನ್ನೊಂದು ಹೊಡೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಡಾಕ್ಟರರ ಕೋಣೆಯಲ್ಲಿ ಗುರಲಿಂಗಪ್ಪ ಕುರ್ಚಿಯ ಮೇಲೆ, ರಾಚಯ್ಯ ಬಾಗಿಲಲ್ಲಿ, ಹುಚ್ಚವ್ವ ಮೇಜಿನ ಮುಂದೆ. ಡಾಕ್ಟರರು ರಿಜಿಸ್ಟರು ಬಿಚ್ಚಿ ಅವಳ ಕಡೆ ಸರಿಸಿದರು. ಶಿವಬಸವ್ವನ ಸಾಲಿನಲ್ಲಿ 'ಬಿಳಿ ಮಿಕ್ಸ್ಚರ್' ಎಂದಿತ್ತು, ಮಾರ್ಗದಲ್ಲಿ 'ಬಾಯಿ' ಎಂದಿತ್ತು. ಸಹಿಯ ಮನೆ ಖಾಲಿ. ಗದ್ದಲದಲ್ಲಿ ಉಳಿದುಹೋಗಿತ್ತು.

"ದಿನಾ ಮಾಡ್ತಿ, ಇವತ್ತೂ ಮಾಡು," ಎಂದರು ಡಾಕ್ಟರರು. "ಕೆಳಗ ಒಂದು ಮಾತು ಬರಿ. ನಾ ಕುಡಿಸೂವಾಗ ಕೈತಪ್ಪಿ ಬ್ಯಾರೆ ಬಾಟ್ಲಿ ಬಂತು ಅಂತ."

"ಕುಡಿಸಿದಾಂವ ರಾಚಯ್ಯ ಅಲ್ರಿ?"

"ನಾ ಮುಟ್ಟೇ ಇಲ್ಲ!" ರಾಚಯ್ಯ ಕೊರಳ ಲಿಂಗ ಹಿಡಿದುಕೊಂಡ. "ಸಂಗಮನಾಥನ ಆಣಿ. ಈ ನರ್ಸಬಾಯಿನ ಕುಡಿಸ್ಯಾಳ."

"ಇಂಥವರ ಕೈಯಾಗ ದವಾಖಾನಿ ಕೊಟ್ಟರ ಇನ್ನೇನಾದೀತು?" ಗುರಲಿಂಗಪ್ಪ ಮೇಜು ಗುದ್ದಿದ. "ನಮ್ಮವ್ವನ್ನ ಕೊಂದಳು. ಪೊಲೀಸರ ಕಡೆ ಎಳಕೊಂಡು ಹೋಗ್ತೇನಿ. ವಾರ್ಡಿನಾಗಿನ ಮಂದಿ ಎಲ್ಲಾ ಹೇಳ್ತಾರ, ಆಕಿನ ಕುಡಿಸಿದ್ಲಂತ!"

ಹುಚ್ಚವ್ವ ತನ್ನ ಕೈಯನ್ನು ನೋಡಿಕೊಂಡಳು. ಆರು ವರ್ಷ ಒಂದು ಚಮಚೆ ನೀರಿಗೂ ಆಗಿಬಾರದ ಕೈ. ಇಂದು ಹೆಣ ಬಿದ್ದ ಮೇಲೆ ಅದಕ್ಕೆ ಕುಡಿಸುವ ಅಧಿಕಾರ ಕೊಡುತ್ತಿದ್ದಾರೆ. ಸಹಿ ಮಾಡಿದರೆ ನೌಕರಿ ಹೋಗುತ್ತದೆ, ಜೈಲೂ ಆದೀತು. ಮಾಡದಿದ್ದರೂ ಸಾಕ್ಷಿ ಹೇಳಲು ವಾರ್ಡಿಗೆ ವಾರ್ಡೇ ಸಿದ್ಧ. ಕಾಸಿಂಬಿಯ ಒಂದು ಮಾತು ಯಾರ ಕಿವಿಗೆ?

ಅವಳು ಪೆನ್ನು ಎತ್ತಿಕೊಂಡಳು.

"ಆತ್ರಿ, ಬರೀತೇನಿ. ಆದ್ರ ಅರ್ಧ ಬರಿಯೂದಿಲ್ಲ, ಪೂರಾ ಬರೀತೇನಿ. 'ಶಿವಬಸವ್ವ ಮರೋಳದ ಮಾದರ ಹುಚ್ಚವ್ವನ ಕೈಲಿಂದ ಗ್ಲಾಸ್ ಇಸಕೊಂಡು, ಕಣ್ಣಿಗೆ ಒತ್ತಿಕೊಂಡು ಕುಡದಳು. ಗ್ಲಾಸ್ ತೊಳದ ನೀರೂ ಕುಡದಳು.' ಕೆಳಗ ನೀವೂ ಸಹಿ ಮಾಡ್ರಿ ಸಾಹುಕಾರ್ರ. ಆ ಹಾಳಿ ತಗೊಂಡು ಮಠಕ್ಕ ಹೋಗ್ರಿ. ಸಂಜೀಗೆ ಸಮಾಧಿಯೊಳಗ ಕುಂದ್ರಿಸಿದ ಮ್ಯಾಲ ನಿಮ್ಮವ್ವನ ತಲೀಗೆ ಪಾದಾ ಹಚ್ಚಾಕ ಯಾವ ಅಯ್ಯಾರು ಬರ್ತಾರ, ಕೇಳ್ರಿ. ಆ ಪಾದ ತಲೀಗೆ ಮುಟ್ಟಲಾರದ ನಿಮ್ಮವರೊಳಗ ಮಣ್ಣ ಕೊಡೂದಿಲ್ಲಲ್ರಿ?"

ಗುರಲಿಂಗಪ್ಪ ಮೇಜಿನ ಮೇಲಿದ್ದ ಕೈ ಹಿಂದಕ್ಕೆ ಎಳೆದುಕೊಂಡ.

"ನಮ್ಮವ್ವ ಅಂಥಾಕಿ ಅಲ್ಲ," ಎಂದ ಸಣ್ಣ ದನಿಯಲ್ಲಿ.

"ನನಗೂ ಗೊತ್ತೈತ್ರಿ. ಸಾಯೂವಾಗೂ ನನ್ನ ಕೈಲೆ ನೀರು ಕುಡೀಲಿಲ್ಲ. ಹಂಗಾರ ಔಷಧ ಯಾರ ಕೈಲೆ ಕುಡದಳು? ಹೇಳ್ರಿ."

ಗುರಲಿಂಗಪ್ಪ ರಾಚಯ್ಯನತ್ತ ನೋಡಿದ. ವಾರವಿಡೀ ತಾಯಿಯನ್ನು ನೋಡಲು ಬಂದಾಗಲೆಲ್ಲ ಮುಟ್ಟಿ ನಮಸ್ಕರಿಸಿದ ಪಾದಗಳು ಅವು. ಜಂಗಮನ ಕೈಯಿಂದ ವಿಷ ಬಂತೆನ್ನಲು ಅವನ ನಾಲಗೆ ಹೊರಳಲಿಲ್ಲ. ಮಾದರವಳ ಕೈಯಿಂದ ಬಂತೆನ್ನಲು ಮನೆತನ ಬಿಡಲಿಲ್ಲ.

"ಯಾರೂ ಏನೂ ಕೊಟ್ಟಿಲ್ಲ," ಎಂದು ಎದ್ದ. "ವಯಸ್ಸಾಗಿತ್ತು. ಎದಿ ನಿಂತಿತು. ಹಂಗ ಬರಕೋರಿ ಸಾಹೇಬ್ರ."

ಡಾಕ್ಟರರು ಬರೆದುಕೊಂಡರು. ಶಿವಬಸವ್ವನ ಸಾಲಿನ ಮೇಲೆ ಅಡ್ಡಗೆರೆ ಎಳೆದರು.

ಹುಚ್ಚವ್ವ ಉಳಿದಳು. ಯಾವ ಹೊಲಸು ಆ ಮುದುಕಿಯನ್ನು ಕೊಂದಿತ್ತೋ ಅದೇ ಹೊಲಸು ಅವಳನ್ನು ಉಳಿಸಿತ್ತು. ಅವಳು ಆ ಅಡ್ಡಗೆರೆಯ ಮೇಲೆ ಬೆರಳಿಟ್ಟಳು.

"ಖರೇ ಇದ್ದದ್ದು ಬರೀರಿ ಸಾಹೇಬ್ರ. ಇಲ್ಲಾಂದ್ರ ನಾಳೆ ಇನ್ನೊಬ್ಬಾಕಿ ಕುಡೀತಾಳ."

"ನೀ ಬದುಕಿದೆಲ್ಲ, ಸುಮ್ಮನಿರು ಇನ್ನ."

"ಸುಮ್ಮನಿರೂದಿಲ್ರಿ. ಇವತ್ತಿನಿಂದ ನಾ ಕುಡಿಸಲಾರದ ಔಷಧಕ್ಕ ನನ್ನ ಸಹಿ ಇಲ್ಲ."

ಮರುದಿನ ಅವಳೇ ತಟ್ಟೆ ಹಿಡಿದು ಹೊರಟಳು. ಹಾಸಿಗೆ ಹಾಸಿಗೆಗೂ ನಿಂತಳು. ಹನ್ನೊಂದು ರೋಗಿಗಳು, ಹನ್ನೊಂದು ಮುಚ್ಚಿದ ಬಾಯಿ. ನಿನ್ನೆಯ ಹೆಣದ ನೆನಪು ಒಂದು ತುಟಿಯನ್ನೂ ತೆರೆಯಲಿಲ್ಲ. ಸಹಿಯಿಲ್ಲದೆ ಔಷಧ ಕೊಡಿಸಲು ಡಾಕ್ಟರರಿಗೂ ಈಗ ಅಂಜಿಕೆ. ತುಸು ಹೊತ್ತು ತಲೆ ಕೆರೆದುಕೊಂಡು ಮತ್ತೊಂದು ದಾರಿ ಕಂಡುಹಿಡಿದರು. "ಬಾಯಿ ಔಷಧ ಬಂದ್. ಎಲ್ಲಾರಿಗೂ ಸೂಜಿ."

ವಾರ್ಡು ಹಿಗ್ಗಿತು. ಗುಳಿಗೆಯಲ್ಲಿ ಹೋಗುವ ಜ್ವರಕ್ಕೂ ಸೂಜಿ, ಕೆಮ್ಮಿಗೂ ಸೂಜಿ. ಹುಚ್ಚವ್ವ ಸ್ಟೋವು ಹಚ್ಚಿ ಸೂಜಿ ಕುದಿಸತೊಡಗಿದಳು. ಅವಳ ಚಮಚೆಗೆ ಮುಖ ತಿರುವಿದ್ದ ಬನಶಂಕರಿ ಎಂಬ ಮುದುಕಿ ಮಗ್ಗುಲಿಗೆ ಹೊರಳಿ ಸೀರೆ ಸರಿಸಿ ಕೊಟ್ಟಳು.

"ಮೆಲ್ಲಕ ಹಾಕ ಮಗಳ. ನಿನ್ನ ಕೈ ಭಾಳ ಹಗರ ಐತಿ."

ಹುಚ್ಚವ್ವ ಮೂರನೆಯ ಸಲ ಚೀಟಿ ಓದಿದಳು. ಚುಚ್ಚಿದಳು. ಎಲ್ಲ ಮುಗಿದ ಮೇಲೆ ರಿಜಿಸ್ಟರು ಬಿಚ್ಚಿ, ಮಾರ್ಗದ ಮನೆಯಲ್ಲಿ ಹನ್ನೊಂದು ಸಲ 'ಸೂಜಿ' ಎಂದು ಬರೆದಳು. ಸಹಿಯ ಮನೆಯಲ್ಲಿ ಆವರೆಗೆ ಬರೀ 'ಹು' ಎಂದು ಗೀಚುತ್ತಿದ್ದವಳು, ಅಂದು ಪ್ರತಿ ಸಾಲಿಗೂ ಪೂರ್ತಿ ಹೆಸರು ಹಾಕಿದಳು: ಹುಚ್ಚವ್ವ ಮಾದರ.