ಗುಡ್ಡದಾಚೆಯ ಸೈರನ್

ಉಚ್ಚೆಂಗಪ್ಪ ರಿಟೈರ್ ಆಗಿ, ತನ್ನೂರು ಬಂಡ್ರಿಗೆ ಹೋಗಿ ಆಡು ಸಾಕಿಕೊಂಡು ವರ್ಷಗಳಾದರೂ ಅವನ ಹೆಸರಿಗೆ ಮಾತ್ರ ಗಣಿ ಕಂಪನಿಯಲ್ಲಿ ಇನ್ನೂ ಡ್ಯೂಟಿ ಇತ್ತು. ಸರ್ವರಿನ ಫೈಲು ತೆರೆದಾಗಲೆಲ್ಲ ಆ ಹೆಸರು ಕಂಡು ಸೌಜನ್ಯಳಿಗೆ ಮೈ ಉರಿಯುತ್ತಿತ್ತು. ಮನೆಗೆ ಹೋದ ಎಲೆಕ್ಟ್ರಿಷಿಯನ್ನಿಗೆ ಇಲ್ಲೇನು ಕೆಲಸ? ಮೇಲಾಗಿ ಆಡಿಟ್‌ನವರು ಹಳೇ ಹೆಸರುಗಳನ್ನೆಲ್ಲ ಕಿತ್ತುಹಾಕಿ ಎಂದು ಹೇಳಿ ಹೋಗಿದ್ದರು. ಮ್ಯಾನೇಜರ್ ಈಶ್ವರ್ ದಿನಾ ಬೆಳಗಾದರೆ "ಆತೇನ್ರಿ?" ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಸಂಡೂರು ಗುಡ್ಡದ ಮೇಲಿನ ಯಂತ್ರಗಳು ಒಂದರ ಮಾತು ಒಂದಕ್ಕೆ ಮುಟ್ಟುವಂತೆ ಹೊಸಪೇಟೆಯ ಆಫೀಸಿನಲ್ಲಿ ಕೂತು ನೋಡಿಕೊಳ್ಳುವುದು ಅವಳ ಕೆಲಸ. ನಡುವೆ ಇರುವುದು ಮೆಸೇಜ್ ಬ್ರೋಕರ್ ಎಂಬ ಪ್ರೋಗ್ರಾಂ. ಹೆಸರಿಗೆ ತಕ್ಕಂತೆ ದಲ್ಲಾಳಿಯೇ, ಆದರೆ ಮಹಾ ಅನುಮಾನದ ದಲ್ಲಾಳಿ. ಯಾರೇ ಬಂದರೂ ಎರಡು ಫೈಲು ತೆರೆದು ನೋಡುತ್ತದೆ. ಒಂದರಲ್ಲಿ ಹೆಸರು, ಪಾಸ್‌ವರ್ಡ್. ಇನ್ನೊಂದರಲ್ಲಿ ಯಾರಿಗೆ ಹೇಳುವ ಹಕ್ಕು, ಯಾರಿಗೆ ಕೇಳುವ ಹಕ್ಕು ಎಂಬುದು. ಮದುವೆಗೆ ಕರೆದವರೆಲ್ಲ ಅಡುಗೆಮನೆಗೆ ನುಗ್ಗುವ ಹಾಗಿಲ್ಲವಲ್ಲ, ಹಾಗೆ.

ಅವತ್ತು ಊಟ ಮುಗಿಸಿ ಬಂದವಳೇ ಸೌಜನ್ಯ ಮೊದಲ ಫೈಲಿನಲ್ಲಿ ಉಚ್ಚೆಂಗಪ್ಪನ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಒತ್ತಿದಳು. ಆ ಗುರುತು ಬಿದ್ದ ಸಾಲನ್ನು ಬ್ರೋಕರ್ ಓದುವುದಿಲ್ಲ. ಎರಡನೆಯ ಫೈಲಿನಲ್ಲಿ, ಕೇಳುವವರ ಸಾಲಿನಿಂದ ಹೆಸರನ್ನೇ ಅಳಿಸಿದಳು. ಪೀಡೆ ತೊಲಗಿತು ಎಂದುಕೊಂಡು ಚಹಾ ತರಿಸಿದಳು.

ಚಹಾ ಅರ್ಧ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು. ಉಚ್ಚೆಂಗಪ್ಪ, ಪ್ರವೇಶವಿಲ್ಲ. ಅದರ ಕೆಳಗೆ ಮತ್ತೊಂದು. ಮತ್ತೆ ಮತ್ತೊಂದು. ಯಾರೋ ಬಾಗಿಲು ಬಡಿಯುತ್ತಲೇ ಇದ್ದರು. ಎಲಾ ಮುದುಕ, ಮನೆಯಲ್ಲಿ ಕೂತು ಒಳಗೆ ಬರಲು ನೋಡುತ್ತಾನಲ್ಲ ಎಂದು ಸಿಟ್ಟು ನೆತ್ತಿಗೇರಿ ಅವಳು ಸೀದಾ ಅವನಿಗೇ ಫೋನು ಹಚ್ಚಿದಳು.

"ಉಚ್ಚೆಂಗಪ್ಪನೋರ, ಆಫೀಸಿನ ಸಿಸ್ಟಮ್ಮಿಗೆ ಯಾಕ ಕೈ ಹಾಕಾಕತ್ತೀರಿ?"

"ಯಾ ಸಿಸ್ಟಮ್ಮು ಮೇಡಂ? ನಾನು ಗುಡ್ಡದ ಹಿಂದ ಆಡು ಬಿಟ್ಕಂಡು ನಿಂತೀನ್ರಿ."

"ಮತ್ತ ನಿಮ್ಮ ಹೆಸರಿಂದ ಬರಾಕತ್ತಿರೋದು ಯಾರು?"

ಅವನು ನಕ್ಕ. "ಓ, ಸೈರನ್ ಡಬ್ಬಿ ಇರ್ಬೇಕ್ರಿ ಅದು. ಗುಡ್ಡದ ಈ ಕಡೆ ಬ್ಲಾಸ್ಟಿಂಗ್ ಸೈರನ್ ಕುಂದ್ರಿಸಿದ್ವಲ್ರಿ? ಅವತ್ತು ಭಾಳ ಜಲ್ದಿ ಇತ್ತು, ನನ್ನ ಹೆಸರ ಹಾಕಿ ಚಾಲೂ ಮಾಡಿದ್ದೆ. ಅಂದಂಗ ಇವತ್ತು ಬ್ಲಾಸ್ಟಿಂಗ್ ಇಲ್ಲೇನ್ರಿ? ಇನ್ನೂ ಕೂಗೇ ಇಲ್ಲ. ಅದಕ ಕೊರಕಲಿಗೆ ಇಳದೀನಿ, ಮೇವು ಚಲೋ..."

ಲೈನು ಕಟ್ಟಾಯಿತು. ಮತ್ತೆ ಹಚ್ಚಿದಳು. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದಿತು ಫೋನು.

ಸೌಜನ್ಯ ಪರದೆಯ ಕಡೆ ತಿರುಗಿದಳು. ಪರದೆಯ ಇನ್ನೊಂದು ಮೂಲೆಯಲ್ಲಿ ಹಸಿರು ಸಾಲೊಂದಿತ್ತು. ಸೈರನ್ ಕೂಗಿಸು ಎಂದು ಗುಡ್ಡದ ಮೇಲಿಂದ ಬ್ಲಾಸ್ಟರ್ ಮಾರುತೇಶ್ ಆಗಲೇ ತನ್ನ ತಂತಿ ಪೆಟ್ಟಿಗೆಯ ಗುಂಡಿ ಒತ್ತಿದ್ದ. ಬ್ರೋಕರ್ ಅವನ ಮಾತು ತೆಗೆದುಕೊಂಡು, ಮುಟ್ಟಿತು ಎಂದು ಅವನ ಪೆಟ್ಟಿಗೆಯ ಮೇಲೆ ಹಸಿರು ದೀಪ ಹೊತ್ತಿಸಿತ್ತು. ಗುಡ್ಡದಾಚೆಯ ಕೂಗು ಅವನಿರುವಲ್ಲಿಗೆ ಕೇಳುವುದಿಲ್ಲ, ಅವನಿಗೆ ಆ ದೀಪವೇ ಸಾಕ್ಷಿ. ಆದರೆ ಮುಟ್ಟಿದ್ದು ದಲ್ಲಾಳಿಗೆ. ಕೇಳಬೇಕಾದ ಸೈರನ್ನು ಬಾಗಿಲ ಹೊರಗೆ ನಿಂತಿತ್ತು. ಇನ್ನು ಹತ್ತು ನಿಮಿಷಕ್ಕೆ ಮಾರುತೇಶ್ ಬಂಡೆ ಸಿಡಿಸುತ್ತಾನೆ. ರಸ್ತೆಯ ಕಡೆ ಕೆಂಪು ಬಾವುಟ ಹಿಡಿದವರಿರುತ್ತಾರೆ. ಗುಡ್ಡದ ಹಿಂದೆ, ಕೊರಕಲಿನ ಕಾಲುದಾರಿಗೆ ಸೈರನ್ ಒಂದೇ ದಿಕ್ಕು.

ಮಾರುತೇಶನಿಗೆ ಫೋನು ಮಾಡುವ ಹಾಗಿಲ್ಲ. ಮದ್ದು ತುಂಬಿದ ಮೇಲೆ, ಅದು ತಾನಾಗಿ ಸಿಡಿದೀತೆಂದು, ಅಲ್ಲಿ ಯಾರ ಹತ್ತಿರವೂ ಫೋನು, ವಾಕಿಟಾಕಿ ಇರಕೂಡದು. ಗಣಿಯ ಗೇಟಿಗೆ ಹಚ್ಚಿದಳು. "ಜೀಪು ಕಳಸ್ತೀನ್ರೀ ಮೇಡಂ, ಆದ್ರ ಮ್ಯಾಲೆ ಹತ್ತಾಕ ಟೈಮ್ ಹಿಡಿತೈತ್ರಿ" ಎಂದ ಗೇಟಿನವನು. ಹೆದರಿಕೆ ಅಂದರೆ ಏನು ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಒಬ್ಬ ಮನುಷ್ಯನನ್ನು ಕುರ್ಚಿಯಲ್ಲಿ ಕೂತು, ಚಹಾ ಕುಡಿಯುತ್ತ, ಕೊಂದುಬಿಟ್ಟೆನಾ?

ಮೊದಲ ಫೈಲು ತೆರೆದು ಹ್ಯಾಶ್ ಗುರುತು ತೆಗೆದು ಉಳಿಸಿದಳು. ಕೆಂಪು ಸಾಲುಗಳು ನಿಂತವು. ಅಬ್ಬಾ ಎಂದು ಉಸಿರು ಬಿಡುವಷ್ಟರಲ್ಲಿ ಹೊಸ ಕೆಂಪು ಸಾಲು ಬಂತು. ಉಚ್ಚೆಂಗಪ್ಪ, ಕೇಳುವ ಹಕ್ಕಿಲ್ಲ. ಹೆಸರು ಒಪ್ಪಿದ ದಲ್ಲಾಳಿ ಈಗ ಹಕ್ಕು ಕೇಳುತ್ತಿತ್ತು. ಎರಡನೆಯ ಫೈಲು! ಗಾಬರಿಯಲ್ಲಿ ಅದನ್ನೇ ಮರೆತಿದ್ದಳು. ದಿನಕ್ಕೆ ಹತ್ತು ಸಲ ತೆರೆಯುವ ಫೈಲು ಎಲ್ಲಿದೆ ಎಂದು ಕಣ್ಣಿಗೆ ಕಾಣದಾಯಿತು. ಸಿಕ್ಕಿತು. ಒಂದು ಅಕ್ಷರ ಒತ್ತಿದರೆ ಇನ್ನೊಂದು ಬೀಳುತ್ತಿತ್ತು. ಅಳಿಸಿದಳು, ಮತ್ತೆ ಬರೆದಳು, ಉಳಿಸಿದಳು. "ಹಂಪಿ ವಿರೂಪಾಕ್ಷಾ, ಈ ದಲ್ಲಾಳಿ ಕೈಲಿ ಓದಿಸಪ್ಪ" ಎಂದು ಬಾಯಿಬಿಟ್ಟೇ ಬೇಡಿಕೊಂಡಳು.

ಕೆಂಪು ನಿಂತಿತು. ತಡೆದಿಟ್ಟಿದ್ದ ಮಾತು ಸೈರನ್ನಿಗೆ ಹೋಯಿತು ಎಂದು ಹಸಿರು ಸಾಲು ಬಂತು. ಆದರೆ ಹಸಿರನ್ನು ಇನ್ನು ನಂಬುವುದು ಹೇಗೆ? ಹೊಸಪೇಟೆಗೆ ಆ ಕೂಗು ಕೇಳುವುದಿಲ್ಲ. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

ಫೋನು ಹೊಡೆದುಕೊಂಡಿತು. ಎತ್ತಿದರೆ ಮೊದಲು ಕೇಳಿದ್ದು ಸೈರನ್ನೇ. ಅದರ ಮೇಲೆ ಏದುಸಿರಿನ ಉಚ್ಚೆಂಗಪ್ಪ ಯಾರಿಗೋ ಕೂಗುತ್ತಿದ್ದ. "ಏ ಹಂಪಕ್ಕಾ, ಸೀತಾಫಲ ಬಿಸಾಕಬೇ! ಶಾಂತಕ್ಕಾ, ಹುಡುಗ್ರನ್ನ ಎತ್ಕ! ಓಡ್ರಿ, ಓಡ್ರಿ!" ಹೆಂಗಸರ ಚೀರಾಟ, ಒಂದು ಮಗುವಿನ ಅಳು. ಸೌಜನ್ಯಳ ತಲೆಯೊಳಗೆ ಅಷ್ಟು ಹೊತ್ತೂ ಆ ಕೊರಕಲಿನಲ್ಲಿ ಇದ್ದದ್ದು ಒಬ್ಬ ಮುದುಕ ಮಾತ್ರ. ಇದು ಸೀತಾಫಲದ ಕಾಲ, ಊರ ಹೆಂಗಸರು ಹಣ್ಣು ಕೀಳಲು ಗುಡ್ಡಕ್ಕೆ ಬರುತ್ತಾರೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ.

ಧಡ್ ಎಂದಿತು. ಆಮೇಲೆ ಸೈರನ್ನೂ ಇಲ್ಲ, ಮಾತೂ ಇಲ್ಲ.

"ಉಚ್ಚೆಂಗಪ್ಪನೋರ? ಉಚ್ಚೆಂಗಪ್ಪನೋರ!"

ಕೆಮ್ಮು ಕೇಳಿಸಿತು. "ಅದೀನ್ರಿ. ಎಲ್ಲರೂ ಬಂದ್ರು. ಒಂದ್ ಆಡಿನ ಮರಿ ಹಿಂದ ಉಳಿತು, ಅಷ್ಟ." ಸ್ವಲ್ಪ ಸುಧಾರಿಸಿಕೊಂಡು ಕೇಳಿದ, "ಇವತ್ತು ಕೂಗಾಕ ಯಾಕ್ರೀ ಇಷ್ಟ್ ತಡ?"

ನೆಟ್‌ವರ್ಕ್ ಮೇಲೆ ತಪ್ಪು ಹಾಕಿಬಿಡಬಹುದಿತ್ತು. ನೆಟ್‌ವರ್ಕಿಗೆ ಬಾಯಿಲ್ಲ, ಬೇಡ ಎನ್ನುವುದಿಲ್ಲ. ಸೌಜನ್ಯಳ ಬಾಯಲ್ಲಿ ಸುಳ್ಳು ಹೊರಡಲಿಲ್ಲ. "ನಿಮ್ಮ ಹೆಸರು ತಗದಿದ್ದೆ" ಎಂದಳು.

"ತಗೀರಿ ಮೇಡಂ, ಕೆಲಸ ಬಿಟ್ಟೋನ ಹೆಸರು ಯಾಕ ಬೇಕು. ಆದ್ರ ತಗಿಯೋ ದಿನ ಒಂದ್ ಮಾತ್ ಹೇಳ್ರಿ, ಅವತ್ತು ನಾವ್ಯಾರೂ ಗುಡ್ಡಕ್ಕ ಹೋಗಂಗಿಲ್ಲ. ಕೂಗಿಲ್ಲ ಅಂದ್ರ ಏನೂ ಭಯ ಇಲ್ಲ ಅನ್ಕಂಡು ಕುಂತಿರ್ತೀವ್ರಿ ನಾವು."

ಬಾಗಿಲಲ್ಲಿ ಈಶ್ವರ್ ನಿಂತಿದ್ದ. "ಹಳೇ ಹೆಸರೆಲ್ಲ ತಗದಾತೇನ್ರಿ?"

ಸೌಜನ್ಯ ಪರದೆ ನೋಡಿದಳು. ಚನ್ನಯ್ಯ, ಬಸವರಾಜ್, ಮುರುಗೇಶ್. ಎಲ್ಲರೂ ಕೆಲಸ ಬಿಟ್ಟು ಹೋದವರು, ಎಲ್ಲರೂ ಫೈಲಿನಲ್ಲಿ ಇದ್ದವರು. ಯಾವ ಹೆಸರಿನ ಹಿಂದೆ ಯಾವ ಡಬ್ಬಿ ನಿಂತಿದೆಯೋ, ಅದನ್ನು ನಂಬಿ ಯಾರ್‍ಯಾರು ಎಲ್ಲಿ ಕೂತಿದ್ದಾರೋ ಅವಳಿಗೆ ಗೊತ್ತಿರಲಿಲ್ಲ. "ಇಲ್ಲ ಸರ್" ಎಂದು ಚನ್ನಯ್ಯನಿಗೆ ಫೋನು ಹಚ್ಚಿದಳು.