ಒಣ ನಲ್ಲಿಯ ಕಥೆಗಾರ್ತಿ

ಹಲಸೂರಿನ ಬೀದಿ ನಲ್ಲಿಯ ಸಾಲಿನಲ್ಲಿ ನಿಂತೇ ಜಯದೇವಿ ತನ್ನ ಕಥೆಗಳನ್ನೆಲ್ಲ ಬರೆದಿದ್ದಳು. ತೊಂಬತ್ತೆಂಟರಲ್ಲಿ ಮನೆಮನೆಗೂ ನಲ್ಲಿ ಬಂತು, ಬೀದಿ ನಲ್ಲಿ ಒಣಗಿತು, ಅವಳ ಬರವಣಿಗೆಯೂ ನಿಂತಿತು. ಕುರ್ಚಿಯಲ್ಲಿ ಕೂತರೆ ಹಾಳಾದ್ದು ಒಂದಕ್ಷರವೂ ಹುಟ್ಟುತ್ತಿರಲಿಲ್ಲ.

ಸರಿ, ಕೊಡ ಹಿಡಿದು ಒಣ ನಲ್ಲಿಯ ಮುಂದೆಯೇ ಹೋಗಿ ನಿಂತಳು. ಎದುರುಮನೆಯ ಆಟೋ ಮುರುಗೇಶ ಸಿಡುಕಿದ: "ಏನ್ ಸಿಸ್ಟರ್, ಬೆಳಿಗ್ಗೆ ಬೆಳಿಗ್ಗೆ ಖಾಲಿ ಕೊಡ ಎದುರಿಗೆ ತರ್ತೀರಲ್ಲ, ನಮ್ಗೆ ಬೋಣಿ ಆಗೋದ್ ಬೇಡ್ವಾ?"

ಮರುದಿನದಿಂದ ಜಯದೇವಿ ಮನೆಯಲ್ಲೇ ಕೊಡ ತುಂಬಿಸಿ, ಒಣ ನಲ್ಲಿಯವರೆಗೆ ಹೊತ್ತು, ಪಕ್ಕದಲ್ಲಿಟ್ಟು ಬರೆದು, ಮತ್ತೆ ಮನೆಗೆ ಹೊತ್ತು ತರತೊಡಗಿದಳು. ಆದರೂ ಹಿಂದೆಮುಂದೆ ಸಾಲಿನ ಜಗಳವಿಲ್ಲದೆ ಕಥೆ ಕುಂಟುತ್ತಿತ್ತು.

ಅಲ್ಲಿಂದ ತುಂಬಿದ ಕೊಡ ಬರುವುದನ್ನು ಕಂಡವರು ಸುಮ್ಮನಿರುತ್ತಾರೆಯೇ? ಬೀದಿ ನಲ್ಲಿಯಲ್ಲಿ ಮತ್ತೆ ಬಿಟ್ಟಿ ನೀರು ಬರುತ್ತಿದೆಯೆಂದು ಸುದ್ದಿ ಹಬ್ಬಿತು. ವಾರದೊಳಗೆ ಅವಳ ಹಿಂದೆ ಇಡೀ ಬೀದಿಯೇ ಕೊಡ ಹಿಡಿದು ಕಚ್ಚಾಡುತ್ತಿತ್ತು.

"ನಿಮ್ದು ತುಂಬಿದೆಯಲ್ಲ, ಜಾಗ ಬಿಡ್ರೀ!" ಎಂದು ಹಿಂದಿನವಳು ತಿವಿದಳು.

ಜಯದೇವಿ ತುಂಬಿದ ಕೊಡವನ್ನು ಮೋರಿಗೆ ಬಗ್ಗಿಸಿದಳು. ಸಾಲಿನ ಕೊನೆಗೆ ಹೋಗಿ ನಿಂತು, ಪೆನ್ನಿನ ಮುಚ್ಚಳ ತೆಗೆದಳು.