ಉಂಡಮೇಲೆ ಕೇಳುವ ಮಾತು

ನಮ್ಮಪ್ಪ ಧರಣಪ್ಪನವರ ತಲೆ ತೀರ್ಮಾನ ಮಾಡುವುದಿಲ್ಲ, ಹೊಟ್ಟೆ ಮಾಡುತ್ತದೆ. ಇದು ಮನಃಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದ ನಾನು ಕಂಡುಹಿಡಿದದ್ದಲ್ಲ, ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟ ಅಮ್ಮ ಮದುವೆಯಾದ ವಾರಕ್ಕೇ ಕಂಡುಕೊಂಡದ್ದು. ಹಸಿದಿದ್ದಾಗ ಏನು ಕೇಳಿದರೂ ‘ಬೇಡ’. ಉಂಡಮೇಲೆ ಅದನ್ನೇ ಕೇಳಿದರೆ ‘ಆಗ್ಲಿ ಬಿಡು’. ಬಸ್ತಿಹಳ್ಳಿಯ ನಮ್ಮ ಮನೆಯಲ್ಲಿ ಫ್ರಿಜ್ಜು, ಸ್ಕೂಟರು, ನನ್ನ ಕಾಲೇಜು, ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದ್ದು ಊಟವಾದ ಮೇಲೆಯೇ.

ಈಗ ನನಗೆ ಮೈಸೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತ್ತು. ನಾಳೆ ಸಂಜೆಯೊಳಗೆ ಫೋನಿನಲ್ಲಿ ‘ಒಪ್ಪಿಗೆ’ ಒತ್ತದಿದ್ದರೆ ಅದು ಬೇರೆಯವರ ಪಾಲು. ನಾಳೆ ಚತುರ್ದಶಿ, ಅಪ್ಪನಿಗೆ ಇಡೀ ದಿನ ಉಪವಾಸ. ಇವತ್ತೋ, ತೆಂಗಿನಕಾಯಿ ಮಾರಲು ಅರಸೀಕೆರೆಗೆ ಹೋದವರು ಇನ್ನೂ ಬಂದಿಲ್ಲ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಎತ್ತುವುದಿಲ್ಲ. ಸೂರ್ಯ ಆಗಲೇ ತೋಟದ ತಲೆಗೆ ಇಳಿದಿದ್ದ. ನನಗೆ ಅಳುವೇ ಬಂತು.

“ಅಳ್ತಾ ಕೂತ್ರೆ ಬಸ್ಸು ಬೇಗ ಬತ್ತದಾ? ಗಾಡಿ ತೆಗಿ,” ಎಂದ ಅಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದು ಸ್ಕೂಟರಿನ ಹಿಂದೆ ಕೂತಳು.

ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ಬಸ್ಸಿನಿಂದ ಇಳಿದರೋ ಇಲ್ಲವೋ, ಅಮ್ಮ ಡಬ್ಬಿ ತೆರೆದಳು. “ಮೊದ್ಲು ತಿನ್ರೀ, ಇನ್ನು ಹತ್ತೇ ನಿಮಿಷ ಐತೆ.”

ಅಪ್ಪ ಕಲ್ಲುಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿದರು. ಮೂರನೆಯ ಒಬ್ಬಟ್ಟಿಗೆ ಮುಖ ಅರಳಿತು. ಅಮ್ಮ ನನ್ನನ್ನು ತಿವಿದಳು. ನಾನು ಕೇಳಿದೆ.

“ಮೈಸೂರೇನು ಮಹಾ ದೂರ? ಓದು ಕಣವ್ವ,” ಎಂದರು ಅಪ್ಪ.

ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಅಮ್ಮ, “ಬೇಡ,” ಎಂದಳು.

ಇಬ್ಬರೂ ಅವಳ ಮುಖ ನೋಡಿದೆವು. ಒಬ್ಬಟ್ಟಿನ ಗಡಿಬಿಡಿಯಲ್ಲಿ ಅವಳು ಮಧ್ಯಾಹ್ನವೂ ಉಂಡಿರಲಿಲ್ಲ. ಈಗ ಸೂರ್ಯನೂ ಮುಳುಗಿದ್ದ. ಮನಃಶಾಸ್ತ್ರ ಓದಿದವಳಲ್ಲವೇ ನಾನು, ತಕ್ಷಣ ಹೇಳಿಬಿಟ್ಟೆ: “ಅಮ್ಮಾ, ಅದು ನಿನ್ನ ಹಸಿವು ಹೇಳ್ತಿರೋದು.”

“ಹೊಟ್ಟೆ ತುಂಬಿದ್ರೂ ಬೇಡ ಅಂತ್ಲೇ ಅಂತಿದ್ದೆ ಕಣೇ. ನೀನು ಹೋದ್ರೆ ಮನೇಲಿ ನನ್ ಜೊತೆ ಮಾತಾಡೋರು ಯಾರವ್ರೆ?”

ಅಪ್ಪ ಬಾಯಿ ಒರೆಸಿಕೊಳ್ಳುವುದನ್ನೂ ಮರೆತರು. ಇಷ್ಟು ವರ್ಷ ಅವಳಿಗೆ ಏನು ಬೇಕೆಂದು, ಉಂಡಾಗಲೂ ಹಸಿದಾಗಲೂ, ನಾವ್ಯಾರೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

“ಹಾಗಾದ್ರೆ ಹೋಗಲ್ಲ ಬಿಡಮ್ಮ,” ಎಂದೆ.

ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. “ನನಗೆ ಬೇಡ ಅಂದೆ, ನಿನಗೆ ಬೇಡ ಅಂದ್ನಾ? ಎಲ್ಲಿ ಒತ್ತಬೇಕು, ತೋರ್ಸು.”